ಟೈಟಾನಿಯಂ, ಬೈ-ಮೆಟಲ್, ಮಾಮೂಲಿ ಅಲ್ಯೂಮಿನಿಯಂ: ದುಬಾರಿ ಯೋ-ಯೋ ನಿಜವಾಗಿ ಚೆನ್ನಾಗಿ ಆಡುತ್ತಾ?

ವಿರಾಜಪೇಟೆ_ಸ್ಲೀಪರ್
1ಎ (ಒಂದೇ ಯೋ-ಯೋದಲ್ಲಿ ದಾರದ ಮೇಲಿನ ಟ್ರಿಕ್) ಆಡೋಕೆ ಒಂದು ಒಳ್ಳೆ ಯೋ-ಯೋ ಬೇಕು. ಈಗಿರೋದು ರಿಪ್ಲೇ ಪ್ರೋ, ಪ್ಲಾಸ್ಟಿಕ್. ಬೈಂಡ್ (ದಾರ ಒಳಗೆ ತುಂಬಿ ಯೋ-ಯೋವನ್ನ ಕೈಗೆ ಕರೆಯೋದು) ಎಲ್ಲ ಸಲೀಸು. ಉದ್ದದ ಕಾಂಬೊ (ಟ್ರಿಕ್‌ಗಳ ಸರಣಿ) ಅರ್ಧಕ್ಕೆ ಬರುವಾಗ ಸ್ಪಿನ್ ಇಳಿದು ಯೋ-ಯೋ ವಾಲುತ್ತೆ, ಅದೊಂದೇ ತೊಂದರೆ. ಕಣ್ಣು ಮೂರರ ಮೇಲಿದೆ: 6061 ಅಲ್ಯೂಮಿನಿಯಂ ಮಾನೋ-ಮೆಟಲ್, ಅಂದರೆ ಮೈ ಪೂರಾ ಒಂದೇ ಲೋಹ (40–60 ಡಾಲರ್), 7075 (ಇನ್ನೂ ಗಟ್ಟಿ ಅಲ್ಯೂಮಿನಿಯಂ) ಮೈಗೆ ಸ್ಟೀಲ್ ರಿಂಗ್ ಹಾಕಿದ ಬೈ-ಮೆಟಲ್ (90–150 ಡಾಲರ್), ಪೂರಾ ಟೈಟಾನಿಯಂ (200 ಡಾಲರ್‌ಗಿಂತ ಮೇಲೆ). ಸುಂಕ ಗಿಂಕ ಸೇರಿ 20 ಸಾವಿರ ದಾಟಬಾರದು. ದುಡ್ಡು ಏರಿದಷ್ಟು ಆಟವೂ ಏರುತ್ತಾ? ನಮ್ಮ ಕಡೆ ಮಳೆಗೆ ಯಾವುದು ತಡೆಯುತ್ತೆ?

ತಡಿಯಂಡಮೋಳ್_1ಎ
ಲೋಹದ ಹೆಸರು ಮರೆತು, ತೂಕ ಎಲ್ಲಿ ಕೂತಿದೆ ನೋಡಿ. ಸ್ಪಿನ್ ಎಷ್ಟು ಹೊತ್ತು ನಿಲ್ಲುತ್ತೆ, ಯೋ-ಯೋ ಎಷ್ಟು ಸುಲಭಕ್ಕೆ ವಾಲುತ್ತೆ ಅನ್ನೋದನ್ನ ತೀರ್ಮಾನಿಸೋದು ಮೊಮೆಂಟ್ ಆಫ್ ಇನರ್ಷಿಯಾ, ಅಂದರೆ ತಿರುಗೋ ವಸ್ತು ವೇಗ ಬದಲಾಗದಂತೆ ತೋರೋ ತಡೆ. ಅದರಲ್ಲಿ ದೂರದ ವರ್ಗ ಬರುತ್ತೆ, ಹಾಗಾಗಿ ಅಂಚಿನ ಒಂದು ಗ್ರಾಂಗೂ ನಡುವಿನ ಒಂದು ಗ್ರಾಂಗೂ ಭಾರೀ ವ್ಯತ್ಯಾಸ.

ಒಂದು ಅಂದಾಜು ಲೆಕ್ಕ. 56 ಮಿ.ಮೀ. ವ್ಯಾಸದ, 66 ಗ್ರಾಂ ತೂಕದ ಮಾನೋ-ಮೆಟಲ್‌ಗೆ ಇದು 250 ಗ್ರಾಂ-ಸೆಂ.ಮೀ² ಆಸುಪಾಸು ಅಂತ ಹಿಡಿಯಿರಿ. ಆಕ್ಸಲ್‌ನಿಂದ (ನಡುವಿನ ಕಡ್ಡಿ) 18 ಮಿ.ಮೀ. ದೂರದಲ್ಲಿದ್ದ 10 ಗ್ರಾಂ ಕೆರೆದು ತೆಗೆದು 26 ಮಿ.ಮೀ. ದೂರದಲ್ಲಿ ಸ್ಟೀಲ್ ರಿಂಗ್ ಮಾಡಿ ಕೂರಿಸಿದರೆ 10 × (2.6² − 1.8²), ಅಂದರೆ 35 ಸೇರುತ್ತೆ. ಒಟ್ಟು ತೂಕ ಏರಲಿಲ್ಲ, ಇನರ್ಷಿಯಾ ಶೇ. 14 ಏರಿತು. ಬೈ-ಮೆಟಲ್‌ನ ಗುಟ್ಟು ಇಷ್ಟೇ.

ಇಲ್ಲೊಂದು ಕೊಕ್ಕೆ ಇದೆ, ಮಾರುವವರು ಹೇಳೋದಿಲ್ಲ. ನಿಮ್ಮ ತೋಳು ಕೊಡೋ ಶಕ್ತಿ ಹೆಚ್ಚುಕಡಿಮೆ ಅಷ್ಟೇ ಇರುತ್ತೆ. ಅದೇ ಶಕ್ತಿಗೆ ಇನರ್ಷಿಯಾ ಶೇ. 14 ಏರಿದರೆ ತಿರುಗೋ ವೇಗ ಶೇ. 6ರಷ್ಟು ಇಳಿಯುತ್ತೆ. ವಾಲದ ಹಾಗೆ ಹಿಡಿದಿಡೋ ಆಂಗ್ಯುಲರ್ ಮೊಮೆಂಟಂ ಏರೋದು ಶೇ. 7ರಷ್ಟು ಮಾತ್ರ. ಲಾಭ ನಿಜ, ಆದರೆ ಮೂರು ಪಟ್ಟು ಬೆಲೆಗೆ ಮೂರು ಪಟ್ಟು ಆಟ ಸಿಗೋದಿಲ್ಲ.

ನಿಮ್ಮದು ವಾಲೋದಕ್ಕೆ ಥ್ರೋ ಕಾರಣವಾ ಅಂತ ಮೊದಲು ನೋಡಿ. ಕನ್ನಡಿ ಮುಂದೆ ನಿಂತು ಥ್ರೋ ಮಾಡಿ 10 ಸೆಕೆಂಡ್ ಸುಮ್ಮನೆ ಬಿಡಿ, ಏನೂ ಟ್ರಿಕ್ ಬೇಡ. ಆಗಲೇ ವಾಲಿದರೆ ದಾರ ಒಂದು ಗೋಡೆಗೆ ಉಜ್ಜುತ್ತಿದೆ, ಯಾವ ಟೈಟಾನಿಯಮ್ಮೂ ಅದನ್ನ ಸರಿ ಮಾಡೋದಿಲ್ಲ. ನೆಟ್ಟಗೆ ನಿಂತು, ಟ್ರಿಕ್ ಶುರುವಾದ ಮೇಲೆ ಮಾತ್ರ ವಾಲಿದರೆ ಆಗ ಹೊಸದರ ಮಾತು.

ಟೈಟಾನಿಯಂಪ್ರಿಯ
ಅಣ್ಣ, ಲೆಕ್ಕ ಎಲ್ಲ ಸರಿ. ಆದ್ರೆ ಟೈಟಾನಿಯಂ ಕೈಗೆ ಕೊಡೋ ಫೀಲ್ ಲೆಕ್ಕದಲ್ಲಿ ಬರಲ್ಲ. ಬೈಂಡ್ ಆಗಿ ಕೈಗೆ ಬಂದಾಗ ಸಣ್ಣಗೆ ಗಂಟೆ ಹಾಗೆ ರಿಂಗ್ ಅನ್ನುತ್ತೆ. ತೆಳು ಗೋಡೆ, ಮೈ ಪೂರಾ ಒಂದೇ ಲೋಹ, ಸ್ಟ್ರಿಂಗ್ ಮೇಲೆ ತೇಲಿದ ಹಾಗಿರುತ್ತೆ. ಸಿಮೆಂಟ್ ನೆಲಕ್ಕೆ ತಾಗಿಸಿದ್ರೆ ಬಿಳಿ ಕಿಡಿ ಹಾರುತ್ತೆ! ಅಲ್ಯೂಮಿನಿಯಂ ಅದೇ ನೆಲಕ್ಕೆ ಬಿದ್ರೆ ಗುಳಿ ಬೀಳುತ್ತೆ, ಟೈಟಾನಿಯಂಗೆ ಸಣ್ಣ ಗೀರು ಅಷ್ಟೇ. ತುಕ್ಕು ಅನ್ನೋ ಮಾತೇ ಇಲ್ಲ. ಕೊಡಗಿನ ಮಳೆಗೆ ಇದಕ್ಕಿಂತ ಲೋಹ ಬೇಕಾ?

ಕೂಡ್ಲೂರು_ಲೇತ್
ತುಕ್ಕಿನ ವಿಷಯ ಒಪ್ಪಿದೆ. ಉಳಿದದ್ದಕ್ಕೆ ಅಂಕಿ ಕೊಡುತ್ತೇನೆ, ನೋಡಿ.

ಸಾಂದ್ರತೆ (ಪ್ರತಿ ಘನ ಸೆಂ.ಮೀ.ಗೆ): 6061 ಅಲ್ಯೂಮಿನಿಯಂ 2.70 ಗ್ರಾಂ, 7075 2.81 ಗ್ರಾಂ, ಗ್ರೇಡ್ 5 ಟೈಟಾನಿಯಂ 4.43 ಗ್ರಾಂ, ಸ್ಟೇನ್‌ಲೆಸ್ ಸ್ಟೀಲ್ ಸುಮಾರು 8.
ಯೀಲ್ಡ್ ಸ್ಟ್ರೆಂತ್ (ಲೋಹ ಶಾಶ್ವತವಾಗಿ ಬಗ್ಗಲು ಶುರುವಾಗುವ ಒತ್ತಡ): 6061-ಟಿ6 ಸುಮಾರು 275 ಮೆಗಾಪಾಸ್ಕಲ್, 7075-ಟಿ6 ಸುಮಾರು 500, ಗ್ರೇಡ್ 5 ಸುಮಾರು 880.

ಬಲವನ್ನು ಸಾಂದ್ರತೆಯಿಂದ ಭಾಗಿಸಿ. 6061ಕ್ಕೆ 102, 7075ಕ್ಕೆ 178, ಟೈಟಾನಿಯಂಗೆ 199 ಬರುತ್ತದೆ. ಅಂದರೆ 6061ರಿಂದ 7075ಕ್ಕೆ ಹೋಗುವುದು ದೊಡ್ಡ ಜಿಗಿತ. 7075ರಿಂದ ಟೈಟಾನಿಯಂಗೆ ಹೋಗುವುದು ಒಂದು ಮೆಟ್ಟಿಲು. ಬಾಗುವಿಕೆಗೆ ತಡೆ (ಯಂಗ್ಸ್ ಮಾಡ್ಯುಲಸ್) ನೋಡಿದರೆ ಅಲ್ಯೂಮಿನಿಯಂ 69, ಟೈಟಾನಿಯಂ 114 ಗಿಗಾಪಾಸ್ಕಲ್. ಸಾಂದ್ರತೆಯಿಂದ ಭಾಗಿಸಿದರೆ ಎರಡಕ್ಕೂ 25.6ರ ಹತ್ತಿರ, ಸಮಸಮ.

ಒಂದೇ ಲೋಹದಲ್ಲಿ ಮೈ ಮಾಡಿದಾಗ ಅಂಚಿಗೂ ನಡುವಿಗೂ ಸಾಂದ್ರತೆ ಒಂದೇ. ಭಾರದ ಲೋಹ ಎಂದ ಮಾತ್ರಕ್ಕೆ ಅಂಚು ಭಾರವಾಗುವುದಿಲ್ಲ, ನಡುವೂ ಅಷ್ಟೇ ಭಾರವಾಗುತ್ತದೆ. ಗಟ್ಟಿ ಲೋಹದ ಉಪಯೋಗ ಏನೆಂದರೆ ನಡುವಿನ ಗೋಡೆಯನ್ನು ತೆಳು ಮಾಡಿ ಉಳಿಸಿದ ಗ್ರಾಂಗಳನ್ನು ಅಂಚಿಗೆ ಸಾಗಿಸಬಹುದು. 7075 ಆ ಕೆಲಸವನ್ನು ಬಹುಪಾಲು ಮಾಡುತ್ತದೆ. ಅದರ ಅಂಚಿಗೆ ಮೂರು ಪಟ್ಟು ಸಾಂದ್ರತೆಯ ಸ್ಟೀಲ್ ರಿಂಗ್ ಕೂರಿಸಿದರೆ ಪೂರಾ ಟೈಟಾನಿಯಂ ಅದನ್ನು ಸರಿಗಟ್ಟುವುದು ಕಷ್ಟ.

ಹಾಗಾದರೆ ಟೈಟಾನಿಯಂ ಯಾಕೆ ದುಬಾರಿ? ಲೇತಿನ ಮುಂದೆ ನಿಂತರೆ ಗೊತ್ತಾಗುತ್ತದೆ. 56 ಮಿ.ಮೀ. ರಾಡಿನಿಂದ 22 ಮಿ.ಮೀ. ಉದ್ದದ ಎರಡು ತುಂಡು ಕತ್ತರಿಸಿದರೆ ತೂಕ ಸುಮಾರು 480 ಗ್ರಾಂ. ಕೊನೆಗೆ ಉಳಿಯುವುದು 65 ಗ್ರಾಂ. ಮಿಕ್ಕಿದ್ದೆಲ್ಲ ಚೂರು. ಶಾಖ ಹರಿಯುವುದು ಕಡಿಮೆಯಾದ್ದರಿಂದ ಬಿಸಿ ಪೂರಾ ಟೂಲಿನ ತುದಿಗೆ ಬರುತ್ತದೆ. ಅಲ್ಯೂಮಿನಿಯಂ ಅನ್ನು ನಿಮಿಷಕ್ಕೆ 300 ಮೀಟರ್ ವೇಗದಲ್ಲಿ ಕತ್ತರಿಸಬಹುದು, ಗ್ರೇಡ್ 5ನ್ನು ಕಾರ್ಬೈಡ್ ಟೂಲಿನಲ್ಲಿ 50ರ ಆಸುಪಾಸು. ತೆಳು ಗೋಡೆ ಟೂಲ್ ತಾಗಿದರೆ ನಡುಗುತ್ತದೆ, ನಡುಗಿದ ಜಾಗ ದಪ್ಪ-ತೆಳು ಆಗುತ್ತದೆ, ಅದೇ ಆಡುವಾಗ ವೈಬ್ (ನಡುಕ) ಆಗಿ ಕಾಣುತ್ತದೆ. ನೀವು ಕೊಡುವ ದುಡ್ಡಿನ ಬಹುಭಾಗ ಮೆಷಿನ್ ಸಮಯಕ್ಕೆ ಹೋಗುತ್ತದೆ, ಸ್ಪಿನ್ನಿಗೆ ಅಲ್ಲ.

ಟೈಟಾನಿಯಂಪ್ರಿಯ
ಸರ್, ಹಾಗಾದ್ರೆ ಟೈಟಾನಿಯಂ ಮೈಗೆ ಸ್ಟೀಲ್ ರಿಂಗ್ ಹಾಕಿದ್ದೂ ಬರುತ್ತಲ್ಲ?

ಕೂಡ್ಲೂರು_ಲೇತ್
ಬರುತ್ತದೆ. ಆದರೆ ಸ್ಟೀಲಿಗೂ ಟೈಟಾನಿಯಂಗೂ ಸಾಂದ್ರತೆಯ ಅಂತರ 1.8 ಪಟ್ಟು, ಸ್ಟೀಲಿಗೂ 7075ಕ್ಕೂ 2.8 ಪಟ್ಟು. ರಿಂಗ್ ಹಾಕಿದ್ದರ ಫಲ ಎರಡನೆಯದರಲ್ಲೇ ಜಾಸ್ತಿ. ಬೆಲೆ ಮಾತ್ರ ಮೊದಲನೆಯದಕ್ಕೆ ಜಾಸ್ತಿ!

ಮಡಿಕೇರಿಮಂಜು
2014ರ ವರ್ಲ್ಡ್ ಯೋ-ಯೋ ಕಾಂಟೆಸ್ಟ್‌ನಲ್ಲಿ 1ಎ ಗೆದ್ದ ಜೆಂಟ್ರಿ ಸ್ಟೈನ್ ಕೈಯಲ್ಲಿದ್ದದ್ದು ಯೋಯೋಫ್ಯಾಕ್ಟರಿ ಶಟರ್. 6061 ಮಾನೋ-ಮೆಟಲ್, ಬೆಲೆ ಇವತ್ತಿನ ಟೈಟಾನಿಯಂನ ಕಾಲು ಭಾಗವೂ ಇಲ್ಲ. ಅದು ಗೆದ್ದ ಮೇಲೆ ಈ ಚರ್ಚೆ ಅರ್ಧ ಮುಗಿದ ಹಾಗೆ.

ಇನ್ನೊಂದು, ತಮಾಷೆಗೆ: ಮಡಿಕೇರಿ 1,150 ಮೀಟರ್ ಎತ್ತರ, ಇಲ್ಲಿ ಗಾಳಿ ಮಂಗಳೂರಿಗಿಂತ ಶೇ. 10ರಷ್ಟು ತೆಳು. ಯೋ-ಯೋವನ್ನ ನಿಧಾನ ಮಾಡೋದರಲ್ಲಿ ಗಾಳಿಯ ಪಾಲೂ ಇದೆಯಲ್ಲ, ಹಾಗಾಗಿ ಘಟ್ಟ ಹತ್ತಿ ಬಂದವರಿಗೆ ಸ್ವಲ್ಪ ಪುಕ್ಕಟೆ ಸ್ಪಿನ್.

ತಡಿಯಂಡಮೋಳ್_1ಎ
ಆ ಪುಕ್ಕಟೆ ಸ್ಪಿನ್ನನ್ನ ಜೂನ್ ಬಂದ ಕೂಡಲೇ ಒದ್ದೆ ದಾರ ವಸೂಲಿ ಮಾಡುತ್ತೆ ಬಿಡಿ.

ಸ್ಲೀಪರ್ ಅವರಿಗೆ ಆಕಾರದ ಬಗ್ಗೆ. ಉದ್ದ ಕಾಂಬೊ, ವಾಲಬಾರದು ಅಂದ್ರೆ ವ್ಯಾಸ 55ರಿಂದ 57, ಅಗಲ 43ರಿಂದ 46 ಮಿ.ಮೀ., ತೂಕ 64ರಿಂದ 67 ಗ್ರಾಂ ಒಳಗೆ ಹುಡುಕಿ. ಎಚ್ ಆಕಾರದಲ್ಲಿ ಅಂಚಿಗೆ ಹೆಚ್ಚು ತೂಕ ಸಿಗುತ್ತೆ, ಗಟ್ಟಿಯಾಗಿ ನಿಲ್ಲುತ್ತೆ. ವಿ ಆಕಾರದಲ್ಲಿ ದಾರ ಗೋಡೆಗೆ ತಾಗೋದು ಕಡಿಮೆ, ಹೊರಿಜಾಂಟಲ್ ಆಟಕ್ಕೂ (ಯೋ-ಯೋವನ್ನ ಅಡ್ಡ ಮಲಗಿಸಿ ತಿರುಗಿಸೋದು) ಉದ್ದ ಕಾಂಬೊಗೂ ಅದೇ ವಾಸಿ. ದುಂಡು ಓ ಆಕಾರ ಕೈಗೆ ಹಿತ, ಆದ್ರೆ ನಿಮ್ಮ ತೊಂದರೆಗೆ ಅದು ಔಷಧಿ ಅಲ್ಲ. 48 ಮಿ.ಮೀ. ದಾಟಿದ ಅಗಲದವು ದಾರವನ್ನ ಸುಲಭವಾಗಿ ಹಿಡೀತವೆ, ಬದಲಿಗೆ ಕೈಗಳ ನಡುವೆ ದೊಡ್ಡ ಡಬ್ಬಿ ಆಡಿಸಿದ ಹಾಗೆ ಅನ್ನಿಸುತ್ತೆ.

ಮುಂಗಾರು_ಬೇರಿಂಗ್ (ಭಾಗಮಂಡಲ)
ಎಲ್ಲರೂ ಮೈ ಬಗ್ಗೆ ಮಾತಾಡ್ತಿದ್ದೀರಿ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೊದಲು ಕೆಡೋದು ಬೇರಿಂಗ್, ಆಮೇಲೆ ದಾರ. ಮೈ ಲೋಹ ಕಡೇದು.

ಟೈಟಾನಿಯಂ ಯೋ-ಯೋ ಒಳಗೂ ಕೂರೋದು ಅದೇ ಸಿ ಸೈಜ್ ಸ್ಟೀಲ್ ಬೇರಿಂಗ್: ಒಳವ್ಯಾಸ 6.35, ಹೊರವ್ಯಾಸ 12.7, ಅಗಲ 4.76 ಮಿ.ಮೀ. ಹೆಸರಿಗೆ ಸ್ಟೇನ್‌ಲೆಸ್, ಆದರೆ ಬೇರಿಂಗಿಗೆ ಬಳಸೋ ಗಟ್ಟಿ ಸ್ಟೇನ್‌ಲೆಸ್ ಬೆವರು, ತೇವ ಎರಡೂ ಸೇರಿದರೆ ಚುಕ್ಕೆ ಚುಕ್ಕೆ ತುಕ್ಕು ಹಿಡಿಯುತ್ತೆ. ಎಣ್ಣೆ ಇಲ್ಲದೆ ಒಣದಾಗಿ ಆಡೋರದ್ದು ಬೇಗ ಹಿಡಿಯುತ್ತೆ. ಗರ್ ಅಂತ ಸದ್ದು, ಸ್ಪಿನ್ ಅರ್ಧಕ್ಕರ್ಧ, ತಾನಾಗಿ ವಾಪಸ್ ಬರೋದು: ಮೂರರಲ್ಲಿ ಯಾವುದು ಕಂಡರೂ ತೊಳೆಯಿರಿ.

ಯೋ-ಯೋ ಬಿಚ್ಚಿ, ಬೇರಿಂಗ್ ಒಳಗೆ ಸರಿಯಾಗಿ ಕೂರೋ ಡ್ರಿಲ್ ಬಿಟ್‌ನ ಹಿಂಭಾಗ ತೂರಿಸಿ ಅಲ್ಲಾಡಿಸುತ್ತಾ ಎಳೆಯಿರಿ. ಇಕ್ಕಳದಲ್ಲಿ ಹೊರರಿಂಗ್ ಹಿಡಿದು ಎಳೆದರೆ ಬೇರಿಂಗೂ ಹೋಯ್ತು, ಸೀಟೂ ಹೋಯ್ತು. ಸೂಜಿ ತುದಿಯಿಂದ ಸಿ-ಕ್ಲಿಪ್ಪಿನ ಒಂದು ಕೊನೆ ಎಬ್ಬಿಸಿ ಶೀಲ್ಡ್ ತೆಗೀರಿ. ಬೆರಳು ಅಡ್ಡ ಇಟ್ಟುಕೊಳ್ಳಿ, ಹಾರಿದ ಕ್ಲಿಪ್ ಮತ್ತೆ ಸಿಗೋದಿಲ್ಲ. ಗಾಜಿನ ಸಣ್ಣ ಬಾಟಲಿಯಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೂರು ನಾಲ್ಕು ನಿಮಿಷ ಕುಲುಕಿ, ದ್ರವ ಕಪ್ಪಾದರೆ ಬದಲಿಸಿ ಇನ್ನೊಮ್ಮೆ. ಪೆಟ್ರೋಲ್ ಬಳಸೋರು ಒಲೆ ಇರೋ ಕಡೆ ಖಂಡಿತ ಬೇಡ. ಕಾಗದದ ಮೇಲೆ ತಟ್ಟಿ, ಊದಿ, ಪೂರ್ತಿ ಒಣಗಿಸಿ. ಆಮೇಲೆ ಹೊಲಿಗೆ ಮೆಷಿನ್ ಎಣ್ಣೆ, ಸೂಜಿ ಮೊನೆಗೆ ಅಂಟಿದಷ್ಟೇ. ಬಾಟಲಿಯಿಂದ ನೇರವಾಗಿ ತೊಟ್ಟಿಕ್ಕಿಸಿದರೆ ರೆಸ್ಪಾನ್ಸಿವ್ ಆಗಿ, ಅಂದರೆ ತಾನಾಗಿ ವಾಪಸ್ ಬಂದು, ಗೆಣ್ಣಿಗೆ ಬಡಿಯುತ್ತೆ. ತೆಂಗಿನೆಣ್ಣೆ ಬೇಡವೇ ಬೇಡ, ಡಿಸೆಂಬರ್ ಚಳಿಗೆ ಗಟ್ಟಿಯಾಗುತ್ತೆ.

ಇಡೋದು ಗಾಳಿಯಾಡದ ಸ್ಟೀಲ್ ಅಥವಾ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ದಾರ ಸುತ್ತಿಟ್ಟು ಇಡಬೇಡಿ. ಒದ್ದೆ ದಾರ ಬೇರಿಂಗಿಗೆ ಒತ್ತಿಕೊಂಡೇ ಇರುತ್ತೆ.

ವಿರಾಜಪೇಟೆ_ಸ್ಲೀಪರ್
ಅಕ್ಕ, ಸೆರಾಮಿಕ್ ಬೇರಿಂಗ್ ಹಾಕಿದರೆ ತುಕ್ಕಿನ ಗೋಳು ತಪ್ಪುತ್ತಾ?

ಮುಂಗಾರು_ಬೇರಿಂಗ್
ಹೆಚ್ಚಿನವು ಹೈಬ್ರಿಡ್: ಗುಂಡು ಮಾತ್ರ ಸಿಲಿಕಾನ್ ನೈಟ್ರೈಡ್, ರೇಸ್ (ಒಳ-ಹೊರ ಉಂಗುರ) ಸ್ಟೀಲೇ. ರೇಸ್ ತುಕ್ಕು ಹಿಡಿದರೆ ಮುಗೀತು. ಎಣ್ಣೆ ಇಲ್ಲದೆಯೂ ನಡೆಯುತ್ತೆ ಅನ್ನೋದು ಒಂದು ಲಾಭ. ಎಬೆಕ್ 7, ಎಬೆಕ್ 9 ಅಂತ ಬರೆದಿರೋದಕ್ಕೆ ಮರುಳಾಗಬೇಡಿ. ಅದು ಅಳತೆಯ ನಿಖರತೆಯ ಗ್ರೇಡು, ಎಷ್ಟು ಹೊತ್ತು ತಿರುಗುತ್ತೆ ಅನ್ನೋದರ ಗ್ರೇಡಲ್ಲ. ಆ ದುಡ್ಡಿಗೆ ಹೊರರೇಸ್ ನಡುವೆ ತಗ್ಗಿರೋ ಸೆಂಟರಿಂಗ್ ಬೇರಿಂಗ್ ಎರಡು ತಗೊಳ್ಳಿ. ದಾರ ನಡುವಲ್ಲೇ ಉಳಿದು ಗೋಡೆಗೆ ಉಜ್ಜೋದು ಕಡಿಮೆಯಾಗುತ್ತೆ, ನಿಮ್ಮ ವಾಲೋ ಕಾಯಿಲೆಗೂ ಸ್ವಲ್ಪ ಪಥ್ಯ.

ದಾರ ಪೂರ್ತಿ ಪಾಲಿಯೆಸ್ಟರ್ ಇರಲಿ. ಹತ್ತಿ ನೀರು ಕುಡಿದು ಊದಿಕೊಳ್ಳುತ್ತೆ, ಪ್ಯಾಡಿಗೆ (ಬೇರಿಂಗ್ ಸುತ್ತ ದಾರ ಹಿಡಿಯೋ ಸಿಲಿಕೋನ್ ಬಳೆ) ಸಿಕ್ಕಿ ಸ್ನ್ಯಾಗ್ ಆಗುತ್ತೆ, ಅಂದರೆ ಬೇಡದಿದ್ದರೂ ವಾಪಸ್ ಜಿಗಿಯುತ್ತೆ. ಬೆರಳು ಒದ್ದೆಯಿದ್ದರೆ ಪಾಲಿಯೆಸ್ಟರ್ ಕೂಡ ಜಾರೋದಿಲ್ಲ. ಪೌಡರ್ ದಾರಕ್ಕೆ ಹಾಕಬೇಡಿ, ಬೆರಳಿಗೆ ಹಚ್ಚಿ ಒರೆಸಿಕೊಳ್ಳಿ.

ಗೋಣಿಕೊಪ್ಪ_5ಎ
ಮ್ಯಾಗ್ನೀಷಿಯಂ ಯೋ-ಯೋ ಬಗ್ಗೆ ಯಾರಾದರೂ ಕೇಳೋ ಮೊದಲೇ ಹೇಳಿಬಿಡ್ತೀನಿ: ಹಗುರ, ಚೆಂದ, ಆದರೆ ಬೆವರಿನ ಉಪ್ಪು ಮತ್ತು ತೇವಕ್ಕೆ ಬೂದು ಪುಡಿ ಏಳುತ್ತೆ. ಕೊಡಗಿಗೆ ಬೇಡ.

ಬೈ-ಮೆಟಲ್‌ಗೂ ಒಂದು ಎಚ್ಚರಿಕೆ. ಅಲ್ಯೂಮಿನಿಯಂ, ಸ್ಟೀಲ್ ಅಂಟಿಕೊಂಡಿರೋ ಸಂದಿಗೆ ಉಪ್ಪುನೀರು ಇಳಿದರೆ ಅಲ್ಯೂಮಿನಿಯಂ ನಿಧಾನಕ್ಕೆ ಸವೆಯುತ್ತಾ ಹೋಗುತ್ತೆ, ಅಂಚಿನಲ್ಲಿ ಬಿಳಿ ಪುಡಿ ಕಾಣುತ್ತೆ. ಆಡಿ ಮುಗಿದ ಮೇಲೆ ಒಣಬಟ್ಟೆಯಲ್ಲಿ ರಿಂಗ್ ಸಂದಿ ಒರೆಸೋದು, ಅಷ್ಟೇ ಕೆಲಸ.

ನೆಲದ ಮಾತು: ಕಾಫಿ ಒಣಗಿಸೋ ಸಿಮೆಂಟ್ ಕಣ ಆಡೋಕೆ ಬಲು ಅಗಲ, ಆದರೆ ಲೋಹಕ್ಕೆ ಯಮ. ಅಲ್ಯೂಮಿನಿಯಂ ಬಿದ್ದು ಚೂಪು ಎದ್ದರೆ ದಾರ ಕತ್ತರಿಸುತ್ತೆ, ಬೆರಳೂ ಕೊಯ್ಯುತ್ತೆ. 600 ನಂಬರ್ ನೀರುಕಾಗದದಲ್ಲಿ ಆ ಚೂಪಿನ ಮೇಲೆ ಮಾತ್ರ ಉಜ್ಜಿ, 1000ದಲ್ಲಿ ಮುಗಿಸಿ. ಸುತ್ತಲೂ ಉಜ್ಜಿದರೆ ಆನೊಡೈಸ್ (ಬಣ್ಣದ ಮೇಲ್ಪದರ) ಹೋಗುತ್ತೆ, ವೈಬ್ ಬರುತ್ತೆ. ಬೈ-ಮೆಟಲ್ ಬಲವಾಗಿ ಬಿದ್ದರೆ ಗೀರು ಕಾಣದೇ ಇದ್ದರೂ ರಿಂಗ್ ಕದಲಿರಬಹುದು, ಮತ್ತೆ ಥ್ರೋ ಮಾಡೋ ಮೊದಲು ಉಗುರಿನಲ್ಲಿ ಪರೀಕ್ಷಿಸಿ. ಹಾರುವ ರಿಂಗ್ ಕಣ್ಣಿಗೆ ಬಡಿದರೆ ಕಷ್ಟ. ಟೈಟಾನಿಯಂ ಕಿಡಿಯ ಆಟ ಫೆಬ್ರವರಿ-ಮಾರ್ಚ್‌ನಲ್ಲಿ ಒಣ ತರಗೆಲೆ ಹತ್ತಿರ ಬೇಡ, ಕಾಡಿಗೆ ಬೆಂಕಿ ಬೀಳೋ ಕಾಲ ಅದು.

5ಎ ಆಡೋರು ಹೇಗಿದ್ದರೂ ದಾರ ಬೆರಳಿಗೆ ಕಟ್ಟದೆ ಯೋ-ಯೋವನ್ನ ಕೈಬಿಟ್ಟು ಆಡ್ತಾರೆ, ಅವರಿಗೆ ಪ್ಲಾಸ್ಟಿಕ್ ಅಥವಾ ಅಗ್ಗದ 6061 ಸಾಕು. 3ಎ ಅಂದರೆ ಎರಡು ಯೋ-ಯೋ ಒಂದಕ್ಕೊಂದು ಬಡಿಯುತ್ತವೆ, ಅಲ್ಲೂ ಅಷ್ಟೇ.

ಮಡಿಕೇರಿಮಂಜು
ದುಡ್ಡಿನ ಲೆಕ್ಕವನ್ನ ಯಾರೂ ಮಾಡಿಲ್ಲ. ಆಟಿಕೆಗಳ ಮೇಲಿನ ಮೂಲ ಕಸ್ಟಮ್ಸ್ ಸುಂಕ 2020ರ ಬಜೆಟ್‌ನಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಆ ದರದಲ್ಲಿ 100 ಡಾಲರ್ ಯೋ-ಯೋಗೆ 20 ಡಾಲರ್ ಸಾಗಾಟ ಸೇರಿಸಿ. ಸುಂಕ ಬೀಳೋದು 120ರ ಮೇಲೆ, ಅಂದರೆ 84. ಆಗಲೇ 204 ಆಯ್ತು, ಐಜಿಎಸ್‌ಟಿ ಇನ್ನೂ ಬಾಕಿ. 250 ಡಾಲರ್ ಟೈಟಾನಿಯಂ ಬಾಗಿಲಿಗೆ ಬರೋವಾಗ 450 ದಾಟುತ್ತೆ. ನಿಮ್ಮ 20 ಸಾವಿರಕ್ಕೆ ಅದು ಎಟಕೋದಿಲ್ಲ.

ಕೊರಿಯರ್‌ನವರು ಆಟಿಕೆ (9503) ಅಂತ ತೋರಿಸ್ತಾರಾ, ಸ್ವಂತ ಬಳಕೆಯ ಆಮದು (9804) ಅಂತಲಾ ಅನ್ನೋದರ ಮೇಲೆ ದರ ಬೇರೆಯಾಗುತ್ತೆ. ಆರ್ಡರ್ ಮಾಡೋ ದಿನದ ದರವನ್ನ ಕಸ್ಟಮ್ಸ್ ತಾಣದಲ್ಲಿ ನೋಡಿಕೊಳ್ಳಿ. ಜೊತೆಗೆ 2021ರ ಜನವರಿ 1ರಿಂದ ಆಟಿಕೆಗಳಿಗೆ ಬಿಐಎಸ್ ಗುರುತು ಕಡ್ಡಾಯ. 14 ವರ್ಷದೊಳಗಿನ ಮಕ್ಕಳ ಆಟಿಕೆ ಅಂತ ಅಧಿಕಾರಿ ಭಾವಿಸಿದರೆ ಪಾರ್ಸೆಲ್ ನಿಲ್ಲುತ್ತೆ. ಹಾಗಾಗಿ ಭಾರತದೊಳಗೇ ಸ್ಟಾಕ್ ಇಟ್ಟ ಮಾರಾಟಗಾರರ ಬಳಿ, ಇಲ್ಲ ಸೆಕೆಂಡ್ ಹ್ಯಾಂಡ್ ಹುಡುಕೋದು ಜಾಣತನ.

ವಿರಾಜಪೇಟೆ_ಸ್ಲೀಪರ್
ಕನ್ನಡಿ ಪರೀಕ್ಷೆಯಲ್ಲಿ ನೆಟ್ಟಗೇ ನಿಲ್ಲುತ್ತೆ. ಹಾಗಾದ್ರೆ 7075 ಬೈ-ಮೆಟಲ್, ವಿ ಆಕಾರ, ಸೆಕೆಂಡ್ ಹ್ಯಾಂಡ್. ತಗೊಳ್ಳುವಾಗ ಏನೇನು ನೋಡಬೇಕು?

ತಡಿಯಂಡಮೋಳ್_1ಎ
ಗಟ್ಟಿ ಥ್ರೋ ಮಾಡಿ, ತಿರುಗೋ ಅಂಚಿಗೆ ಉಗುರು ಮೆಲ್ಲಗೆ ತಾಗಿಸಿ. ಗರಗರ ಅಂದರೆ ವೈಬ್ ಇದೆ. ಉಗುರಿಗೆ ಮಾತ್ರ ಸಿಕ್ಕಿ ದಾರದಲ್ಲಿ ಸಿಗದಿದ್ದರೆ ಚಿಂತೆ ಬೇಡ, ಆಟಕ್ಕೆ ಅಡ್ಡಿ ಇಲ್ಲ. ದಾರದಲ್ಲೂ ಬೆರಳಿಗೆ ಬಂದರೆ ಮೈಯನ್ನ ದೂರೋ ಮೊದಲು ಬೇರಿಂಗ್ ತಿರುಗಿಸಿ ಹಾಕಿ, ಸೀಟ್ ಒರೆಸಿ (ಒಂದು ಎಳೆ ದಾರ ಸಿಕ್ಕಿದ್ದರೂ ಸಾಕು), ಆಮೇಲೆ ಆಕ್ಸಲ್ ಬದಲಿಸಿ. ಬಹುಪಾಲು ವೈಬ್ ಬಗ್ಗಿದ ಆಕ್ಸಲ್‌ದೇ. ಈ ಮೂರಕ್ಕೂ ಹೋಗದಿದ್ದರೆ ಬೆಲೆ ಇಳಿಸಿ ಕೇಳಿ ಅಥವಾ ಬಿಡಿ.

ಪ್ಯಾಡ್ ಯಾವ ಸೈಜ್ ಕೇಳಿಕೊಳ್ಳಿ. 19 ಮಿ.ಮೀ. ಸ್ಲಿಮ್ ಆದರೆ ಎಲ್ಲೆಡೆ ಸಿಗುತ್ತೆ, ಕಂಪನಿಯದ್ದೇ ವಿಚಿತ್ರ ಅಳತೆಯಾದರೆ ಮುಂದೆ ಪರದಾಟ.

ಕೂಡ್ಲೂರು_ಲೇತ್
ಪ್ಯಾಡ್ ಸಿಗದಿದ್ದರೆ ಸಿಲಿಕೋನ್ ತುಂಬಬಹುದು. ಹಾರ್ಡ್‌ವೇರ್ ಅಂಗಡಿಯ ವಿನೆಗರ್ ವಾಸನೆಯದ್ದು ಬೇಡ, ಅದು ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಬರಿಯ ಲೋಹಕ್ಕೆ ಒಳ್ಳೆಯದಲ್ಲ. ಗಾಜು-ಅಲ್ಯೂಮಿನಿಯಂ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ನ್ಯೂಟ್ರಲ್ ಸಿಲಿಕೋನ್ ಸಿಗುತ್ತದೆ. ಗ್ರೂವನ್ನು ಆಲ್ಕೋಹಾಲಿನಿಂದ ಒರೆಸಿ, ಬೇರಿಂಗ್ ಸೀಟಿಗೆ ಟೇಪ್ ಹಾಕಿ, ತುಂಬಿ, ಹಳೇ ಕಾರ್ಡಿನ ಅಂಚಿನಿಂದ ಒಂದೇ ಸಲ ಎಳೆಯಿರಿ. ಒಂದು ದಿನ ಬಿಡಿ. ಗಾಳಿಯ ತೇವದಿಂದಲೇ ಇದು ಗಟ್ಟಿಯಾಗುವುದು, ಆದ್ದರಿಂದ ಮಳೆಗಾಲದಲ್ಲಿ ಒಣಗುವುದಿಲ್ಲ ಎಂದು ಹೆದರಬೇಡಿ. ಲೋಹದ ಮಟ್ಟಕ್ಕಿಂತ ಕೂದಲೆಳೆಯಷ್ಟು ಒಳಗಿದ್ದರೆ ಸರಿ, ಉಬ್ಬಿದರೆ ಸ್ನ್ಯಾಗ್ ಆಗುತ್ತದೆ.

ಕೊನೆಯದಾಗಿ ಥ್ರೆಡ್. ಆಕ್ಸಲ್ ಸಾಮಾನ್ಯವಾಗಿ ಎಂ4 (4 ಮಿ.ಮೀ. ದಪ್ಪದ) ಗ್ರಬ್ ಸ್ಕ್ರೂ, ಅಂದರೆ ತಲೆಯಿಲ್ಲದ ಸ್ಕ್ರೂ, 8, 10 ಅಥವಾ 12 ಮಿ.ಮೀ. ಉದ್ದ. 10ರದ್ದಾದರೆ ಒಂದೊಂದು ಅರ್ಧದಲ್ಲಿ ಹಿಡಿತ ಬರೀ 5 ಮಿ.ಮೀ. ಸೇರಿಸುವಾಗ ಮೊದಲು ಉಲ್ಟಾ ತಿರುಗಿಸಿ, ಟಕ್ ಎಂದು ಕೂತ ಮೇಲೆ ಬಿಗಿಸುವ ಕಡೆಗೆ ತಿರುಗಿಸಿ, ಇಲ್ಲದಿದ್ದರೆ ಥ್ರೆಡ್ ಅಡ್ಡ ಹೋಗುತ್ತದೆ. ಬೆರಳಿನ ಬಿಗಿ ಸಾಕು. ಮಾರುವವರ ಮುಂದೆಯೇ ಬಿಚ್ಚಿ ನೋಡಿ: ಆಕ್ಸಲ್ ಒಂದೇ ಅರ್ಧದಲ್ಲಿ ಉಳಿಯಬೇಕು, ಇನ್ನೊಂದು ಅರ್ಧದ ಥ್ರೆಡ್ಡಿನಲ್ಲಿ ಹೊಳೆಯುವ ಚೂರು ಇರಬಾರದು. ಚೂರು ಕಂಡರೆ ಎಷ್ಟೇ ಅಗ್ಗವಾದರೂ ತಗೊಳ್ಳಬೇಡಿ.

ವಿರಾಜಪೇಟೆ_ಸ್ಲೀಪರ್
ಸರಿ ಸರ್. ಜೊತೆಗೆ ಎಂ4 10 ಮಿ.ಮೀ. ಗ್ರಬ್ ಸ್ಕ್ರೂ ಎರಡು, ಸೆಂಟರಿಂಗ್ ಬೇರಿಂಗ್ ಎರಡು, ಪಾಲಿಯೆಸ್ಟರ್ ದಾರ ಒಂದು ಕಟ್ಟು ಸೇರಿಸಿಕೊಳ್ತೀನಿ.

ಮುಂಗಾರು_ಬೇರಿಂಗ್
ಸ್ಕ್ರೂ ಕೊಳ್ಳೋ ಮೊದಲು ಯೋ-ಯೋದ ಆಕ್ಸಲ್ ಅಳೆಯಿರಿ, 8 ಮಿ.ಮೀ.ದೂ ಬರುತ್ತೆ. ಉದ್ದದ್ದು ಹಾಕಿದರೆ ತಳಕ್ಕೆ ತಾಗಿ ಎರಡು ಅರ್ಧ ಸೇರೋದೇ ಇಲ್ಲ.